ಕತ್ತಿ ಮೇಷ್ಟ್ರು ತಂದ ನಿಜದ ನಿಯಮ

ನಾಟಕ ಕಂಪನಿಯ ನಟರಿಗೆ ಕತ್ತಿವರಸೆ ಕಲಿಸುವವರು ಅವರು. ಊರಿಗೆಲ್ಲ ಕತ್ತಿ ಮೇಷ್ಟ್ರು. ಮರದ ಕತ್ತಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿತ್ತು. ಅಂಥವರ ನೆಮ್ಮದಿ ಕೆಡಿಸಿದ್ದು ಊಟದ ಮೇಜಿನ ಮೇಲಿನ ಒಂದು ಆಟ.

ಭಾನುವಾರ ಮಧ್ಯಾಹ್ನ ಮನೆಮಂದಿ ಒಬ್ಬೊಬ್ಬರೂ ಒಬ್ಬ ವೀರನಾಗಿ, ದಾಳ ಉರುಳಿಸುತ್ತ ಕಥೆ ಆಡುತ್ತಿದ್ದರು. ಕಥೆ ನಡೆಸುವವಳು ಮೇಷ್ಟ್ರ ಹೆಂಡತಿ; ಏಟು ಬಿತ್ತೋ ತಪ್ಪಿತೋ ಹೇಳುವುದು ದಾಳ. ಅವಳ ತಮ್ಮ ಟೈಲರು; ಸೂಜಿ, ಕತ್ತರಿ ಬಿಟ್ಟು ಬೇರೆ ಆಯುಧ ಮುಟ್ಟಿದವನಲ್ಲ. ಆದರೆ ಆಟದಲ್ಲಿ ಅವನ ವೀರನ ಎರಡು ಕೈಗೂ ಕತ್ತಿ. ಆಟದ ಪುಸ್ತಕದ ನಿಯಮದಂತೆ ಸರದಿಗೆ ಎರಡೇಟು. ಮೇಷ್ಟ್ರ ಈಟಿಗೆ ಒಂದೇ. ಟೈಲರು ದಾಳ ಹಾಕಿದಾಗಲೆಲ್ಲ ಮಗಳು "ಮಾವಾ, ಇನ್ನೊಂದು ಬಿಡು!" ಅಂತ ಕುಣಿಯುವಳು. ಅಪ್ಪನ ಸರದಿ ಬಂದರೆ ಜಡೆಯ ತುದಿ ಬಿಚ್ಚಿ ಹೆಣೆಯುತ್ತ ಕೂರುವಳು. ಹೆತ್ತ ಮಗಳ ಆ ಕುಣಿತ ತನಗಿಲ್ಲವೆಂದು ಮೇಷ್ಟ್ರ ಹೊಟ್ಟೆಯಲ್ಲಿ ಕೆಂಡ.

ಒಂದು ದಿನ ತಡೆಯಲಾಗಲಿಲ್ಲ. "ಎರಡು ಕತ್ತಿ ಹಿಡಿದೋನು ಎರಡೇಟು ಹೊಡೆಯೋದು ಎಲ್ಲಾದ್ರೂ ಇದೆಯಾ? ಒಂದು ಕೈ ಬೀಸಿದ್ರೆ ಇನ್ನೊಂದು ಅಡ್ಡ ಬರುತ್ತೆ!"

"ನಮ್ಮ ವೀರನಿಗೆ ಅದು ಗೊತ್ತಿಲ್ಲ ಭಾವ, ಪಾಪ. ಹೊಡೆದುಬಿಡ್ತಾನೆ," ಎಂದ ಟೈಲರು. ಮಗಳು ಬಿದ್ದು ಬಿದ್ದು ನಕ್ಕಳು.

"ಸರಿ ಕಣ್ರೀ," ಎಂದಳು ಹೆಂಡತಿ. "ಇವತ್ತಿಂದ ನಿಜದಲ್ಲಿ ಆಗದ್ದು ಆಟದಲ್ಲೂ ಇಲ್ಲ. ಎಲ್ರಿಗೂ ಒಂದೇ ನ್ಯಾಯ."

ಮೇಷ್ಟ್ರು ಮೀಸೆ ತಿರುವಿದರು.

ಕಥೆ ಇಕ್ಕಟ್ಟಾದ ಸುರಂಗಕ್ಕೆ ಇಳಿಯಿತು. ಪಕ್ಕದ ಬಿರುಕಿನಿಂದ ನುಗ್ಗಿದ ರಾಕ್ಷಸ ಮಗಳ ಪಾತ್ರವಾದ ಬಿಲ್ಲುಗಾತಿಯ ಕುತ್ತಿಗೆ ಹಿಡಿದ.

"ಈಟಿ ತಿರುಗಿಸಿ ತಿವೀತೀನಿ!" ಎಂದರು ಮೇಷ್ಟ್ರು.

"ಆಳುದ್ದದ ಈಟಿ ಅಲ್ಲಿ ಹೇಗೆ ತಿರುಗುತ್ತೆ? ಗೋಡೆಗೆ ಸಿಕ್ಕಿಕೊಳ್ತು," ಎಂದಳು ಹೆಂಡತಿ.

ಟೈಲರ ಏಟು ತಪ್ಪಿತು. ಅಭ್ಯಾಸಬಲದಿಂದ ಮತ್ತೆ ದಾಳಕ್ಕೆ ಕೈ ಹಾಕಿ, ಹಿಂದೆ ತೆಗೆದ. ಬಿಲ್ಲುಗಾತಿ ಸತ್ತಳು.

ಮೇಷ್ಟ್ರು ದಾಳವನ್ನು ಟೈಲರ ಮುಂದೆ ತಳ್ಳಿದರು. "ಲೇ, ಅವನಿಗೆ ಎರಡನೇ ಏಟು ಕೊಡೇ. ಈ ನಿಯಮ ಮುಂದಿನ ವಾರದಿಂದ ಇಟ್ಕೊಳ್ಳೋಣ."

"ಬೇಡಪ್ಪ," ಎಂದಳು ಮಗಳು, ಕಣ್ಣೊರೆಸಿಕೊಂಡು. "ನೀನೇ ಕೇಳಿದ್ದಲ್ವಾ?" ಕುರ್ಚಿಯನ್ನು ದರದರ ಎಳೆದು ಟೈಲರ ಪಕ್ಕಕ್ಕೆ ಹಾಕಿಕೊಂಡಳು. "ಮಾವಾ, ಸತ್ತವಳ ಬದಲಿಗೆ ಬರೋ ಹೊಸಬಳ ಕೈಗೆ ಏನು ಕೊಡ್ಲಿ?"

"ನನ್ನೇನು ಕೇಳ್ತೀಯ ಪುಟ್ಟಿ? ಬಲ್ಲೋರು ನಿಮ್ಮಪ್ಪ. ಅವರನ್ನ ಕೇಳು."

ಕುಹಕವಿದ್ದರೆ ಮೇಷ್ಟ್ರು ಬೈದಾದರೂ ಹಗುರಾಗುತ್ತಿದ್ದರು. ಅವನ ದನಿಯಲ್ಲಿ ಒಳ್ಳೆಯತನವಲ್ಲದೆ ಏನೂ ಇರಲಿಲ್ಲ. ಮಗಳು ಕೇಳಿದಳು, ಅವರು ಹೇಳಿದರು: ಗಿಡ್ಡ ಕತ್ತಿ, ಸಣ್ಣ ಗುರಾಣಿ. ಅವಳು ತಲೆಯಾಡಿಸುತ್ತ ಬರೆದುಕೊಂಡಳು, ಮಾವನ ಭುಜಕ್ಕೆ ಒರಗಿಕೊಂಡೇ.