ಅನಸವ್ವ ಒತ್ತಿಸಿದ ಕಿರುಬೆರಳು

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ಆದರೆ ಗೊತ್ತಿಲ್ಲದ್ದನ್ನು ಬರೆದಿಲ್ಲ. ಬರೆದದ್ದನ್ನೆಲ್ಲ ಅನಸವ್ವನಿಗೆ ಓದಿ ಹೇಳಿ, ಅವಳು ಅಲ್ಲವೆಂದ ಕಡೆ ತಿದ್ದಿದ್ದೇನೆ.

ಅನಸವ್ವ ಬನಹಟ್ಟಿಯವಳು, ನಮ್ಮದೇ ಓಣಿಯವಳು. ಅವಳ ಗಂಡ ಬಸಗೊಂಡಪ್ಪ, ವೀರಣ್ಣನವರ ಪಾವರ್‌ಲೂಮ್ ಶೆಡ್ಡಿನಲ್ಲಿ ನೇಯುತ್ತಾನೆ. ಆ ಮಗ್ಗಗಳ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆಗಳನ್ನು ಅನಸವ್ವ ಮನೆಯ ಬಾಗಿಲಲ್ಲಿ ಕುಳಿತು ರಾಟೆಯಿಂದ ಸುತ್ತುತ್ತಾಳೆ. ಮಗ್ಗದ ಸದ್ದಿನಿಂದ ಬಸಗೊಂಡಪ್ಪನ ಕಿವಿ ಮಂದವಾಗಿದೆ. ತಾನು ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದು ಅವನು ತಿಳಿದಾಗಲೂ ಆಚೆ ಮನೆಯವರಿಗೆ ಕೇಳುತ್ತದೆ.

ಮದುವೆಯಾಗಿ ಬಂದಾಗಿನಿಂದ ನೂಲು ಅನಸವ್ವನ ಹೆಬ್ಬೆರಳು, ತೋರುಬೆರಳುಗಳ ನಡುವೆ ಓಡುತ್ತಲೇ ಇದೆ. ಓಡಿ ಓಡಿ ಅಲ್ಲಿನ ಗೆರೆಗಳು ಸವೆದು ನುಣ್ಣಗಾಗಿವೆ. ಕಂಡಿಕೆ ಸುತ್ತುವ ಎಲ್ಲ ಹೆಂಗಸರ ಕೈಯೂ ಹಾಗೆಯೇ. ರೇಷನ್ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದಾಗ ಅದು ಇವರಲ್ಲಿ ಯಾರನ್ನೂ ಗುರುತು ಹಿಡಿಯಲಿಲ್ಲ. ಒತ್ತಿದ್ದನ್ನೇ ಒತ್ತಿ, ಕೈ ಒರೆಸಿ, ಮತ್ತೆ ಒತ್ತಿ ಬರಿಗೈಯಲ್ಲಿ ಮರಳುವುದು ಮಾಮೂಲಾಗಿತ್ತು. ಒಂದು ದಿನ ಅನಸವ್ವ ಬೇಸತ್ತು ಕಿರುಬೆರಳನ್ನು ಎಣ್ಣೆಗೂದಲಿಗೆ ಸವರಿ ಇಟ್ಟಳು. ಯಂತ್ರ ಒಪ್ಪಿಕೊಂಡಿತು. ನೂಲು ಕಿರುಬೆರಳನ್ನು ಮುಟ್ಟುವುದಿಲ್ಲವಲ್ಲ. ಅಂದಿನಿಂದ ಯಾರ ಬೆರಳು ಬಾರದಿದ್ದರೂ ಅನಸವ್ವನನ್ನು ಕರೆಯುವುದು ರೂಢಿಯಾಯಿತು. ಅವಳು ಅವರ ಕಿರುಬೆರಳು ಹಿಡಿದು, ಅವರದೇ ತಲೆಗೆ ಸವರಿ, ಯಂತ್ರದ ಮೇಲೆ ಅದುಮಿ ಹಿಡಿಯುತ್ತಿದ್ದಳು. ಅವಳಿಗೆ ಅದರಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಕಳೆದ ಬೇಸಿಗೆಯಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಯುವಕ ಓಣಿಗೆ ಬಂದ. ನೇಕಾರರಿಗೆ ಹೊಸ ಕಾರ್ಡ್ ಮಾಡಿಕೊಡುತ್ತೇನೆ, ರೊಕ್ಕ ಏನೂ ಬೇಡ ಎಂದ. ಆಧಾರ್ ನಂಬರನ್ನೂ ಬ್ಯಾಂಕಿನ ಹೆಸರನ್ನೂ ಕೇಳಿ ಮೊಬೈಲಿನಲ್ಲಿ ಹಾಕಿಕೊಂಡ. ಬಳಿಕ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವನ್ನು ಮುಂದಿಟ್ಟ. ಯಾರ ಹೆಬ್ಬೆರಳೂ ಬರಲಿಲ್ಲ. ಹೆಂಗಸರು ಅನಸವ್ವನನ್ನು ಕೂಗಿದರು. ಅವಳು ಅವನನ್ನು ತನ್ನ ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಒಬ್ಬೊಬ್ಬರದೇ ಕಿರುಬೆರಳು ಹಿಡಿದು ಒತ್ತಿಸಿದಳು.

ಪಕ್ಕದ ಮನೆಯ ಇಂದ್ರವ್ವನ ಸರದಿ ಬಂದಾಗ ಅವನು ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿಸಿ ಎಂದ. ಒತ್ತಿಸಿದಳು. ಮತ್ತೊಮ್ಮೆ ಎಂದ. ರೇಷನ್ ಅಂಗಡಿಯಲ್ಲಿ ಇದನ್ನೆಲ್ಲ ಕಂಡವರಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ.

"ನಮ್ಮನಿಯವ್ರೂ ಇಷ್ಟ ಸಲ ನನ್ನ ಕೈ ಹಿಡದಿಲ್ಲ ನೋಡ ಅನಸಕ್ಕಾ," ಎಂದಳು ಇಂದ್ರವ್ವ. ಎಲ್ಲರೂ ನಕ್ಕರು. ಆ ಯುವಕನೂ ನಕ್ಕ.

ಇಂದ್ರವ್ವ ಆಗ ಸ್ವಂತದ ಒಂದು ಮಗ್ಗ ಕೊಳ್ಳುವುದರಲ್ಲಿದ್ದಳು. ತೇರದಾಳದ ಅಪ್ಪಾಸಾಬ ತನ್ನ ಹಳೆಯ ಪಾವರ್‌ಲೂಮ್ ಮಾರುತ್ತೇನೆ ಎಂದಿದ್ದ. ಇನ್ನೊಬ್ಬರ ಮಗ್ಗಕ್ಕೆ ಕಂಡಿಕೆ ಸುತ್ತುವುದನ್ನು ಬಿಟ್ಟು ತನ್ನ ಮಗ್ಗಕ್ಕೆ ತಾನೇ ಸುತ್ತಬೇಕೆಂದು ಅವಳು ವರ್ಷಗಟ್ಟಲೆ ಕೂಡಿಟ್ಟಿದ್ದಳು. ಮರುದಿನ ಮುಂಗಡಕ್ಕೆ ಹಣ ತೆಗೆಯಲು ಬ್ಯಾಂಕಿಗೆ ಹೋದರೆ ಖಾತೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

ಬ್ಯಾಂಕಿನ ಮೇಡಂ ಕಂಪ್ಯೂಟರ್ ನೋಡಿ ವಿವರಿಸಿದರು. ಹಿಂದಿನ ದಿನ ಬೆರಳಚ್ಚು ಕೊಟ್ಟು ಹಣ ತೆಗೆಯಲಾಗಿದೆ. ಪ್ರತಿ ಸಲ ಒತ್ತಿದಾಗಲೂ ಒಂದು ಕಂತು ಹೋಗಿದೆ. ಇದಕ್ಕೆ ಎಟಿಎಂ ಕಾರ್ಡೂ ಬೇಡ, ಓಟಿಪಿಯೂ ಬೇಡ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಮೊಬೈಲಿಗೆ ಮೆಸೇಜ್ ಹೋಗಿತ್ತು. ಆದರೆ ಖಾತೆಗೆ ಜೋಡಿಸಿದ್ದು ಇಂದ್ರವ್ವ ಎಂದೋ ಬಿಟ್ಟುಬಿಟ್ಟಿದ್ದ ನಂಬರು. ಬೆರಳು ನಿಮ್ಮದೇ ಆದ್ದರಿಂದ, ಮೋಸ ಮಾಡಿ ಒತ್ತಿಸಿಕೊಂಡರು ಎಂಬುದನ್ನು ನೀವು ಹೇಳಬೇಕಾಗುತ್ತದೆ. ಈಗಿಂದೀಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪೊಲೀಸರಿಗೂ ದೂರು ಕೊಡಿ, ತಡ ಮಾಡಿದಷ್ಟೂ ಹಣ ಕೈಗೆ ಸಿಗುವುದು ಕಷ್ಟ ಎಂದರು. ಇಂದ್ರವ್ವ ಅಲ್ಲಿಂದಲೇ ಫೋನ್ ಮಾಡಿಸಿದಳು. ಆಮೇಲೆ ನೇರವಾಗಿ ಅನಸವ್ವನ ಬಾಗಿಲಿಗೆ ಬಂದಳು.

ಬೈಯಲಿಲ್ಲ. ಅನಸವ್ವನ ಖಾತೆಯಲ್ಲಿ ಏನಾದರೂ ಹೋಗಿದೆಯೇ ಎಂದು ಕೇಳಿದಳು. ಅನಸವ್ವನ ಉಳಿತಾಯವೆಲ್ಲ ಮಹಿಳಾ ಸಂಘದಲ್ಲಿತ್ತು. ಅವಳೂ ಬೆರಳು ಒತ್ತಿದ್ದಳು, ಆದರೆ ಖಾತೆಯಲ್ಲಿ ತೆಗೆಯುವಂಥದ್ದು ಇರಲಿಲ್ಲ. ಹಾಗೆಂದು ಹೇಳಿದಳು.

"ನನ್ನ ಬೊಟ್ಟ ಹಿಡದು ಒತ್ತಿಸಿದಾಕಿ ನೀ. ನಂದ ಹೋತು, ನಿಂದ ಹೋಗಲಿಲ್ಲ," ಎಂದಳು ಇಂದ್ರವ್ವ. ಅಷ್ಟು ಹೇಳಿ ಹೊರಟುಹೋದಳು.

ಅನಸವ್ವ ರಾಟೆಯ ಮುಂದೆ ಕುಳಿತಳು, ನೂಲು ಮಾತ್ರ ಹಿಡಿಯಲಿಲ್ಲ. ಕಾರ್ಡಿಗಾಗಿ ಎಂದು ಆ ಯುವಕ ಒಬ್ಬೊಬ್ಬರಿಗೂ ಹೇಳಿದ್ದನ್ನು ಪಕ್ಕದಲ್ಲೇ ಕುಳಿತು ಕೇಳಿದವಳು ತಾನೊಬ್ಬಳೇ. ಉಳಿದವರು ತಮ್ಮ ತಮ್ಮ ಸರದಿಗೆ ಬಂದು ಹೋದವರು. ತಾನು ಸಾಕ್ಷಿ ಹೇಳದಿದ್ದರೆ ಇಂದ್ರವ್ವನೇ ಹಣ ತೆಗೆದಳೆಂದಾಗುತ್ತದೆ. ಹೇಳಿದರೆ ತಾನೇ ಆ ಕಳ್ಳನ ಕಡೆಯವಳೆಂದಾಗಬಹುದು. ಸಂಜೆ ಗಂಡನಿಗೆ ವಿಷಯ ತಿಳಿಸಿದಳು. ಅವನು ತನ್ನ ಲೆಕ್ಕದಲ್ಲಿ ಗುಟ್ಟಾಗಿಯೇ ಉತ್ತರಿಸಿದ.

"ನೀ ಹೋಗಬ್ಯಾಡ. ಹೋದ್ರ ಮೊದಲ ನಿನ್ನ ಹೆಸರ ಬರೀತಾರ."

"ಬರೀಲಿ. ಆಕಿ ಮಗ್ಗಾ ಹೋತಲ್ಲ."

ಇದು ಗೋಡೆಯಾಚೆಯ ಇಂದ್ರವ್ವನಿಗೂ ಕೇಳಿತು.

ಬೆಳಿಗ್ಗೆ ಇಬ್ಬರೂ ಒಂದೇ ಆಟೋದಲ್ಲಿ ಠಾಣೆಗೆ ಹೋದರು. ಠಾಣೆಯಲ್ಲಿ ಅನಸವ್ವ ತಾನೇ ಮೊದಲು ಬಾಯಿ ತೆರೆದಳು. ಎಲ್ಲರ ಬೆರಳು ಹಿಡಿದು ಒತ್ತಿಸಿದವಳು ನಾನು, ಕಾರ್ಡಿಗೆಂದು ಅವನು ಹೇಳಿದ್ದ, ಹಣದ ಮಾತೇ ಬಂದಿರಲಿಲ್ಲ, ಹೀಗೆಯೇ ಬರೆದುಕೊಳ್ಳಿ ಎಂದಳು. ಪೊಲೀಸರು ತಲೆಯೆತ್ತಿ ಅವಳನ್ನು ನೋಡಿದರು.

"ಇಷ್ಟ ಮಾಡಿದ್ದಕ್ಕ ಅಂವ ನಿಮಗೇನ ಕೊಟ್ಟ?"

"ಅಂವೇನ ಕೊಡ್ತಾನ್ರಿ ಸಾಹೇಬ್ರ. ನಾನ ಅವಂಗ ಎಲ್ಡ ಸಲ ಚಾ ಕೊಟ್ಟೇನಿ."

ಅವರು ಅದನ್ನೂ ಬರೆದುಕೊಂಡರು. ಇಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅನಸವ್ವನಿಗೆ ತಿಳಿಯಲಿಲ್ಲ.

ಫೋನ್ ಬೇಗ ಮಾಡಿದ್ದರಿಂದ ಹಣದ ಒಂದು ಭಾಗ ಕಳ್ಳನ ಖಾತೆಯಲ್ಲೇ ತಡೆಯಾಗಿ, ಮುಂದೆ ಇಂದ್ರವ್ವನಿಗೆ ಮರಳಿ ಬಂತು. ಉಳಿದದ್ದರ ವಿಚಾರಣೆ ನಡೆದಿದೆ. ಅನಸವ್ವನ ಹೇಳಿಕೆ ಬ್ಯಾಂಕಿಗೂ ಹೋಗಿದೆ. ಅಷ್ಟರಲ್ಲಿ ಅಪ್ಪಾಸಾಬ ಮಗ್ಗವನ್ನು ಬೇರೆಯವರಿಗೆ ಮಾರಿಬಿಟ್ಟ. ಇಂದ್ರವ್ವ ಈಗಲೂ ವೀರಣ್ಣನವರ ಮಗ್ಗಗಳಿಗೇ ಕಂಡಿಕೆ ಸುತ್ತುತ್ತಾಳೆ. ಆದರೆ ಮಧ್ಯಾಹ್ನದ ಹೊತ್ತು ರಾಟೆಯನ್ನು ಅನಸವ್ವನ ಕಟ್ಟೆಗೆ ತರುತ್ತಾಳೆ.

ಬೆರಳಚ್ಚನ್ನೇ ಲಾಕ್ ಮಾಡಿಸಬಹುದೆಂದು ಠಾಣೆಯಲ್ಲಿ ಹೇಳಿದ್ದರು. ಲಾಕ್ ಇದ್ದರೆ ಯಾವ ಯಂತ್ರವೂ ಬೆರಳನ್ನು ಒಪ್ಪುವುದಿಲ್ಲ. ಬೇಕಾದಾಗ ಮೊಬೈಲಿನಿಂದ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಬೇಕು. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಅನಸವ್ವ ಅಂದು ಬೆರಳು ಒತ್ತಿದ್ದವರ ಮನೆಮನೆಗೂ ಹೋಗಿ, ಯಾವ ನಂಬರ್ ಜೋಡಿಸಿದ್ದೀರಿ, ಅದು ಯಾರ ಹತ್ತಿರ ಇದೆ ಎಂದು ಕೇಳಿದಳು. ಕೆಲವರದು ಸತ್ತ ಸಿಮ್ಮು, ಕೆಲವರದು ಊರು ಬಿಟ್ಟ ಅಳಿಯನದು. ಒಬ್ಬೊಬ್ಬರನ್ನೇ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಸರಿಪಡಿಸುತ್ತ ಬಂದಿದ್ದಾಳೆ. ತನ್ನನ್ನು ಬೈದು ಕಳಿಸಿದವರ ಮನೆಗೂ ಎರಡನೆಯ ಸಲ ಹೋದಳು.

ಮೊನ್ನೆ ನಮ್ಮ ಮನೆಗೂ ಬಂದಿದ್ದಳು. ಅಂದು ನನ್ನ ಅವ್ವನೂ ಬೆರಳು ಒತ್ತಿದ್ದಳು. ಅವ್ವನ ಆಧಾರ್‌ಗೆ ಜೋಡಿಸಿದ್ದು ಅಪ್ಪ ಎಂದೋ ಕಳೆದುಕೊಂಡ ಫೋನಿನ ನಂಬರು. ನಾಳೆ ನಾನು ಅವ್ವನನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಈಗಿನ ನಂಬರ್ ಹಾಕಿಸುತ್ತೇನೆ. ಅದು ಜೋಡಣೆಯಾದ ದಿನವೇ ಅವ್ವನ ಬೆರಳಚ್ಚನ್ನು ಲಾಕ್ ಮಾಡುತ್ತೇನೆ.