ಒಂದನೇ ಲೆವೆಲ್ಲಿನ ನೀರುಗಂಟಿ

ಒಂದು ಭಾನುವಾರ ಮಧ್ಯಾಹ್ನ ನನ್ನ ದೊಡ್ಡಪ್ಪನ ಮಗಳಿಗೆ ನಾನೊಂದು ಸುಳ್ಳು ಹೇಳಿದೆ. ಆಟದಲ್ಲಿ ಹೇಳಿದ ಸುಳ್ಳು. ಆಟದಲ್ಲಿ ಹೇಳಿದ್ದು ಆಟದಲ್ಲೇ ಮುಗಿದುಹೋಗುತ್ತದೆ ಎಂದು ಆಗ ಅಂದುಕೊಂಡಿದ್ದೆ.

ನಾನಾಗ ಹೊಸಕೋಟೆಯಲ್ಲಿ, ಹಳೇ ಮದ್ರಾಸ್ ರಸ್ತೆಯಿಂದ ಎರಡು ಬೀದಿ ಒಳಗೆ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ಕೆಲಸ ಊರಾಚೆಯ ಒಂದು ಫ್ಯಾಕ್ಟರಿಯಲ್ಲಿ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ಸರಿಯಿದ್ದದ್ದನ್ನು ಒಂದು ಟ್ರೇಗೆ, ಸರಿಯಿಲ್ಲದ್ದನ್ನು ಇನ್ನೊಂದಕ್ಕೆ ಹಾಕುವುದು. ಅಲ್ಲಿ ಡ್ರಾಯಿಂಗ್ ವಿಭಾಗದಲ್ಲಿದ್ದ ಗೆಳೆಯನೊಬ್ಬ ನನಗೆ ಈ ಆಟ ಕಲಿಸಿದ. ಮೂರು ನಾಲ್ಕು ಜನ ಮೇಜಿನ ಸುತ್ತ ಕೂರಬೇಕು. ಒಬ್ಬ ಕಥೆ ನಡೆಸುತ್ತಾನೆ. ಮಿಕ್ಕವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ಕತ್ತಿ ಹಿಡಿದವನೋ, ಮಂತ್ರ ಬಲ್ಲವಳೋ, ಕಳ್ಳನೋ, ಯಾರು ಬೇಕಾದರೂ ಆಗಬಹುದು. ಮುಂದೇನು ಮಾಡುತ್ತೀರಿ ಎಂದು ಕಥೆ ನಡೆಸುವವನು ಕೇಳುತ್ತಾನೆ, ಅವರು ಹೇಳುತ್ತಾರೆ, ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಹೆಚ್ಚು ಬಿದ್ದರೆ ಗೆಲುವು, ಕಡಿಮೆ ಬಿದ್ದರೆ ಸೋಲು.

ಎಲ್ಲರೂ ಒಂದನೇ ಲೆವೆಲ್ಲಿನಿಂದ ಶುರು ಮಾಡಬೇಕು. ಒಂದನೇ ಲೆವೆಲ್ಲಿನವರಿಗೆ ಸಿಗುವುದು ಕಣಜದ ಇಲಿ ಹೊಡೆಯುವುದು, ಕುರಿಮಂದೆ ಕಾಯುವುದು, ಕಾಗದ ತಲುಪಿಸುವುದು ಇಂಥ ಕೆಲಸ. ಊರು ಉಳಿಸುವುದು, ರಾಕ್ಷಸರನ್ನು ಕೊಲ್ಲುವುದು ಎಲ್ಲ ಏಳೆಂಟು ಲೆವೆಲ್ ಹತ್ತಿದವರ ಪಾಲಿನದು. ಹಾಗೆಂದು ಎಲ್ಲೂ ಬರೆದಿಲ್ಲ. ಆದರೂ ಆಡುವವರೆಲ್ಲ ಹಾಗೇ ನಡೆದುಕೊಳ್ಳುತ್ತಾರೆ.

ಭಾನುವಾರಗಳಲ್ಲಿ ಗೆಳೆಯ ಮತ್ತು ಅವನ ಹೆಂಡತಿ ಬೆಂಗಳೂರಿನಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಕಥೆ ನಡೆಸುತ್ತಿದ್ದೆ. ಅಂಥ ಒಂದು ಭಾನುವಾರ ಅಕ್ಕ ಅವರೆಕಾಯಿ ಕೊಟ್ಟು ಹೋಗಲು ಬಂದವಳು ಬಾಗಿಲ ಬಳಿ ನಿಂತು ಅರ್ಧ ಗಂಟೆ ನೋಡಿದಳು. ದೊಡ್ಡಪ್ಪನ ಮಗಳಾದರೂ ನಾನವಳನ್ನು ಕರೆಯುವುದು ಅಕ್ಕ ಎಂದೇ. ನನಗಿಂತ ಎಂಟು ವರ್ಷ ದೊಡ್ಡವಳು. ಜಡಿಗೇನಹಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಮೂರು ಹಸು ಸಾಕಿದ್ದಳು. ಭಾವ ತರಕಾರಿ ಟೆಂಪೋ ಓಡಿಸುತ್ತಿದ್ದರು.

"ಇದೇನ್ರೋ ಇದು, ಕೂತ್ಕೊಂಡೇ ಯುದ್ಧ ಮಾಡ್ತಿದ್ದೀರಾ," ಎಂದಳು. ಆಮೇಲೆ, "ನಾನೂ ಬರ್ಲಾ?"

ಯಾರಾಗುತ್ತೀಯ ಎಂದು ಕೇಳಿದೆ. ಕತ್ತಿ, ಮಂತ್ರ ಎಲ್ಲ ವಿವರಿಸಿದೆ. ಅವಳು ಯೋಚಿಸಿ, "ನೀರುಗಂಟಿ ಆಗ್ತೀನಿ," ಎಂದಳು. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವವರು ನೀರುಗಂಟಿಗಳು. ನಮ್ಮ ಕಡೆ ಆ ಕೆಲಸ ನಿಂತು ಎಷ್ಟೋ ಕಾಲವಾಗಿದೆ. ಗೆಳೆಯ ನಕ್ಕ. ನಾನು ಹಾಳೆಯ ಮೇಲೆ ಬರೆದುಕೊಂಡೆ: ನೀರುಗಂಟಿ, ಹೆಣ್ಣು, ಒಂದನೇ ಲೆವೆಲ್, ಆಯುಧ ಒಂದು ಹಾರೆ.

ಅವಳು ನಾಲ್ಕು ತಿಂಗಳು ತಪ್ಪದೆ ಬಂದಳು. ಬೆಳಗಿನ ಹಾಲು ಡೇರಿಗೆ ಹಾಕಿ, ಅಡಿಗೆ ಮುಗಿಸಿ, ಮೊಪೆಡ್ಡಿನಲ್ಲಿ ಹನ್ನೊಂದಕ್ಕೆ ಬಂದರೆ ಸಂಜೆಯ ಹಾಲು ಕರೆಯುವ ಹೊತ್ತಿಗೆ ಹೊರಡಬೇಕು. ಆಟದ ನಡುವೆ ಹಸುವಿನ ಕೆಚ್ಚಲು ಬಾವಿನ ವಿಷಯ ತೆಗೆಯುತ್ತಿದ್ದಳು. ದಾರಿಯಲ್ಲಿ ಎದುರಾದ ಪ್ರತಿ ಮುದುಕಿಯನ್ನೂ ಊಟ ಆಯ್ತಾ ಎಂದು ವಿಚಾರಿಸುತ್ತಿದ್ದಳು. ಆ ಮುದುಕಿಯರು ನಾನು ಸುಮ್ಮನೆ ಹೇಳಿಬಿಟ್ಟವರು, ಅವರ ಊಟಕ್ಕೆ ನಾನು ಉತ್ತರ ಹುಡುಕಬೇಕಾಗುತ್ತಿತ್ತು. ಬೆಂಗಳೂರಿನ ಗೆಳೆಯರ ಮುಂದೆ ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಇದನ್ನು ಬರೆಯಲೂ ಈಗ ಹಿಂಸೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ನಿಜ.

ಒಂದು ದಿನ ಕ್ಯಾಂಟೀನಿನಲ್ಲಿ ಗೆಳೆಯ ಹೇಳಿದ, "ಗುರು, ಇನ್ನೂ ಎಷ್ಟ್ ದಿನ ಇಲಿ ಹೊಡೆಯೋದು? ಬೆಂಗಳೂರಲ್ಲಿ ಇನ್ನೊಂದು ಗುಂಪಲ್ಲಿ ನಮ್ಮಿಬ್ರದೂ ಏಳನೇ ಲೆವೆಲ್ ಆಗಿದೆ. ಆ ಪಾತ್ರಗಳನ್ನೇ ಇಲ್ಲಿಗೆ ತಂದ್ಬಿಡ್ತೀವಿ. ಒಂದು ದೊಡ್ಡ ಕಥೆ ಮಾಡು."

"ಅಕ್ಕಂದು ಇನ್ನೂ ಒಂದನೇ ಲೆವೆಲ್ ಅಲ್ವಾ?"

"ಅದೇನಾದ್ರೂ ಮಾಡು, ನೀನಲ್ವಾ ಕಥೆ ನಡೆಸೋನು," ಎಂದು ಟೀ ಕುಡಿದು ಎದ್ದ.

ಆ ವಾರವೆಲ್ಲ ಕೂತು ನಾನು ನಲವತ್ತು ಪುಟದ ಕಥೆ ಬರೆದೆ. ಹಿಂದೊಮ್ಮೆ ಮಾಕಳಿದುರ್ಗ ಹತ್ತಿದ್ದೆ. ಆ ಬೆಟ್ಟ, ಆ ಕೋಟೆ, ಕೆಳಗಿನ ನೀರು, ಎಲ್ಲವನ್ನೂ ನನಗೆ ಬೇಕಾದ ಹಾಗೆ ಜೋಡಿಸಿಕೊಂಡೆ. ಕೋಟೆಯ ಅಡಿಯ ಗುಹೆಯಲ್ಲಿ ಬೆಂಕಿ ಉಗುಳುವ ಒಂದು ಮೃಗ ಮಲಗಿದೆ. ಅದು ಎದ್ದರೆ ಸುತ್ತಲ ಊರು ಉಳಿಯುವುದಿಲ್ಲ. ಏಳನೇ ಲೆವೆಲ್ಲಿನ ವೀರರು ಬಂದು, ಎಂಟು ಭಾನುವಾರ ಹೋರಾಡಿ, ಅದನ್ನು ಕೊಲ್ಲಬೇಕು. ಆ ಭಾನುವಾರಕ್ಕೆ ಇದ್ದ ಕೆಲಸ ಚಿಕ್ಕದು. ಒಂದನೇ ಲೆವೆಲ್ಲಿನ ಮೂವರು ಬೆಟ್ಟಕ್ಕೆ ಹೋಗಿ, ಮೃಗ ಮಲಗಿರುವುದನ್ನು ಕಂಡು, ಓಡಿಬಂದು ಸುದ್ದಿ ಮುಟ್ಟಿಸಬೇಕು. ಅಲ್ಲಿಗೆ ಅವರ ಕಥೆ ಮುಗಿಯುತ್ತದೆ. ಮುಂದಿನ ವಾರದಿಂದ ದೊಡ್ಡವರು. ಅಕ್ಕನಿಗೆ ಏನು ಹೇಳುವುದು ಎಂದು ನಾನು ಯೋಚಿಸಿರಲಿಲ್ಲ.

ಅವಳು ಓಡಿಬರಲಿಲ್ಲ. ನಾನು ಬರೆದಿದ್ದ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡಳು.

"ಈ ಕೆರೆ ಬೆಟ್ಟದ ಮೇಲ್ಗಡೆ ಐತಾ?"

"ಹ್ಞೂಂ, ಅರ್ಧ ಬೆಟ್ಟದಲ್ಲಿ."

"ಗುಹೆ ಕೆಳಗೆ. ಅದ್ರ ಬಾಯಿ ಕೆರೆ ಕಡೆಗೇ ಐತೆ."

"ಹ್ಞೂಂ."

"ಹಂಗಾದ್ರೆ ತೂಬು ಎತ್ತುದ್ರೆ ನೀರು ಸೀದಾ ಅದ್ರ ಬಾಯಿಗೇ ಹೋಗುತ್ತಲ್ಲೋ. ಬೆಂಕಿ ಮೃಗ ಅಂತೀಯ. ನೀರಲ್ಲಿ ಎಷ್ಟೊತ್ತು ಬದುಕುತ್ತೆ?"

ಗೆಳೆಯನ ಹೆಂಡತಿ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. ನಾನು ತೂಬು ತುಕ್ಕು ಹಿಡಿದಿದೆ, ಒಬ್ಬಳ ಕೈಲಿ ಆಗುವುದಿಲ್ಲ ಎಂದೆ. ಅಕ್ಕ ಆಟದೊಳಗಿನ ಊರಿಗೆ ಹೋಗಿ ಹನ್ನೊಂದು ಜನರನ್ನು ಕರೆತಂದಳು. ಒಬ್ಬೊಬ್ಬರ ಜೊತೆಗೂ ಮಾತಾಡಿ ಒಪ್ಪಿಸಿದಳು. ನಾನು ಹನ್ನೊಂದು ದನಿಯಲ್ಲಿ ಹಿಂಜರಿದೆ, ಅವಳು ಹನ್ನೊಂದು ಸಲ ಧೈರ್ಯ ಹೇಳಿದಳು. ಬೆಟ್ಟದ ಕೆಳಗಿನ ಕೇರಿಯವರನ್ನು ಮೊದಲೇ ಗುಡ್ಡಕ್ಕೆ ಹತ್ತಿಸಬೇಕೇ ಎಂದು ಅವಳು ಕೇಳಿದಾಗ, ನೀರು ಕಾಲುವೆಯಲ್ಲೇ ಹೋಗುತ್ತದೆ, ಕೇರಿಗೆ ನುಗ್ಗುವುದಿಲ್ಲ ಎಂದು ನಾನೇ ಹೇಳಿದೆ. ಆಗ ಸುಳ್ಳು ಹೇಳುವ ಯೋಚನೆ ನನಗಿರಲಿಲ್ಲ.

"ಸರಿ, ಹನ್ನೆರಡರ ಮೇಲೆ ಬಿದ್ದರೆ ತೂಬು ಏಳುತ್ತೆ," ಎಂದೆ.

ಮುಖ್ಯವಾದ ದಾಳಗಳನ್ನು ನಾನೇ ರಟ್ಟಿನ ಮರೆಯ ಹಿಂದೆ ಎಸೆಯುತ್ತಿದ್ದೆ. ಕುತೂಹಲ ಉಳಿಯಲಿ ಎಂದು. ಎಸೆದೆ. ಹದಿನೇಳು ಬಿತ್ತು.

ನನ್ನ ನಲವತ್ತು ಪುಟ ಅಲ್ಲಿಗೆ ಮುಗಿದುಹೋಗುತ್ತಿತ್ತು. ಏಳನೇ ಲೆವೆಲ್ಲಿನವರು ಬರುವ ಮೊದಲೇ ಹಾರೆ ಹಿಡಿದ ನೀರುಗಂಟಿ ಮೃಗವನ್ನು ಮುಳುಗಿಸಿ ಮನೆಗೆ ಹೋಗುತ್ತಿದ್ದಳು. ನಾನು ಮುಖ ಎತ್ತಿ, "ಮೂರು," ಎಂದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತೂಬು ಏಳಲಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು, ಅವಳನ್ನು ಆಟದಿಂದ ಸಲೀಸಾಗಿ ಕಳಿಸುವ ದಾರಿಯೂ ಎದುರಿಗೆ ಕಂಡಿತು. ತೂಬಿನ ಕಲ್ಲು ಕಿತ್ತುಬಂದು ಕೆರೆಯ ಏರಿ ಗುಹೆಯ ಕಡೆ ಬಿಟ್ಟು ಕೇರಿಯ ಕಡೆಗೆ ಒಡೆಯಿತು, ನೀರುಗಂಟಿ ಕೊಚ್ಚಿಹೋದಳು ಎಂದು ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಅಕ್ಕ ಕೇಳಿದಳು, "ನನ್ ಜೊತೆ ಬಂದಿದ್ದೋರು?"

"ಅವ್ರೂ ಹೋದ್ರು."

"ಕೆಳಗಿನ ಕೇರಿ?"

"ಅದೂ."

ಅವಳು ತನ್ನ ಹಾಳೆಯನ್ನು ಎರಡು ಮಡಿಕೆ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. "ಹಾಲು ಕರೆಯೋ ಹೊತ್ತಾಗುತ್ತೆ, ಬರ್ತೀನಿ," ಎಂದು ಎದ್ದಳು. ಆಗಿನ್ನೂ ಎರಡೂವರೆ.

ಮುಂದಿನ ವಾರದಿಂದ ಅವಳು ಬರಲಿಲ್ಲ. ನಾನು ಕರೆಯಲೂ ಇಲ್ಲ. ಏಳನೇ ಲೆವೆಲ್ಲಿನ ವೀರರು ಬಂದರು. ಮೂರು ಭಾನುವಾರ ಹೊಡೆದಾಡಿದೆವು. ನಾಲ್ಕನೆಯದಕ್ಕೆ ಗೆಳೆಯನಿಗೆ ಏನೋ ಕೆಲಸ ಬಂತು, ಐದನೆಯದಕ್ಕೆ ನನಗೇ ಬೇಡವಾಯಿತು. ನಲವತ್ತು ಪುಟದಲ್ಲಿ ಹದಿನೈದು ಕೂಡ ಮುಗಿಯಲಿಲ್ಲ.

ಎರಡು ತಿಂಗಳ ಮೇಲೆ ಹೊಸಕೋಟೆ ಮಾರುಕಟ್ಟೆಯಲ್ಲಿ ಭಾವ ಸಿಕ್ಕಿದರು. ಟೆಂಪೋದಿಂದ ಕೋಸಿನ ಮೂಟೆ ಇಳಿಸುತ್ತಿದ್ದರು. ಅಕ್ಕ ಹೇಗಿದ್ದಾಳೆ ಎಂದೆ.

"ಚೆನ್ನಾಗವ್ಳೆ. ಊರಿನ ಹಾಲಿನ ಸಂಘಕ್ಕೆ ಎಲೆಕ್ಷನ್ ಆಯ್ತಲ್ಲ, ಹೆಂಗಸ್ರ ಸೀಟಿಗೆ ಇವಳನ್ನೇ ನಿಲ್ಸೋಣ ಅಂತ ಎಲ್ರೂ ಒಪ್ಪಿದ್ರು. ಮನೆಗೇ ಬಂದು ಕೇಳುದ್ರು ಕಣಪ್ಪ. ಇವಳೇ ಬ್ಯಾಡ ಅಂದ್ಬಿಟ್ಲು."

"ಯಾಕೆ ಭಾವ?"

ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ಅದೇನೋ ನಿಮ್ಮ ಆಟದಲ್ಲಿ ಊರನ್ನೇ ಮುಳುಗಿಸ್ಬಿಟ್ಲಂತಲ್ಲ. ನಾನು ಮುಂದೆ ನಿಂತ್ರೆ ನನ್ನ ನಂಬಿ ಹಿಂದೆ ಬಂದೋರು ಮುಳುಗ್ತಾರೆ, ಅಂದ್ಲು. ಆಟಕ್ಕೂ ಇದಕ್ಕೂ ಏನ್ ಸಂಬಂಧ ಅಂತ ನಾನ್ ನಕ್ಕೆ. ಅವಳು ನಗಲಿಲ್ಲ."

ಆ ಸೀಟಿಗೆ ಬೇರೊಬ್ಬರು ಅವಿರೋಧವಾಗಿ ಆಯ್ಕೆಯಾಗಿದ್ದರು. ಇನ್ನು ಐದು ವರ್ಷ ಅದೇ.

ನಾನು ಮೊದಲು ಗೆಳೆಯನಿಗೂ ಅವನ ಹೆಂಡತಿಗೂ ದಾಳದ ನಿಜ ಹೇಳಿದೆ. ಅಕ್ಕನಿಗೆ ಹೇಳುವ ಧೈರ್ಯವಿರಲಿಲ್ಲ. ಗೆಳೆಯನ ಹೆಂಡತಿ ಕೇಳಿದಳು, "ಅಕ್ಕನ್ನ ಕಳಿಸಿ ಅಂತ ನಿಮಗೆ ಯಾರು ಹೇಳಿದ್ರು? ನಾಲ್ಕು ತಿಂಗಳಲ್ಲಿ ನಾನು ಉಸಿರು ಬಿಗಿ ಹಿಡಿದು ಕೂತಿದ್ದು ಅವತ್ತು ಒಂದೇ ದಿನ, ಅವರು ಆ ಹನ್ನೊಂದು ಜನರನ್ನ ಒಪ್ಪಿಸ್ತಿದ್ದಾಗ. ದೊಡ್ಡ ಕಥೆ ಅದೇ ಆಗಿತ್ತಲ್ಲ." ಯಾರೂ ಕೇಳದೇ ಇದ್ದದ್ದನ್ನು ನಾನು ಮಾಡಿದ್ದೆ.

ಅದಾದ ಮೇಲೂ ಮೂರು ವಾರ ತಳ್ಳಿದೆ. ಓವರ್‌ಟೈಮ್ ಇದೆ, ಗಾಡಿ ಸರ್ವೀಸಿಗೆ ಬಿಡಬೇಕು, ಹೀಗೆ. ಕೊನೆಗೆ ಒಂದು ಶನಿವಾರ ಸಂಜೆ ನಾಲ್ಕಕ್ಕೆ ಅವಳ ಮನೆಗೆ ಹೋದೆ. ಅಕ್ಕ ಕೊಟ್ಟಿಗೆಯ ಪಕ್ಕ ಸೀಮೆಹುಲ್ಲು ಕತ್ತರಿಸುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. "ಕಾಫಿ ಕುಡ್ದು ಹೋಗುವಂತೆ, ಕೂತ್ಕೋ," ಎಂದಳು. ಕೂರದೆ ನಿಂತುಕೊಂಡೇ ಹೇಳಿದೆ.

"ಅಕ್ಕ, ಅವತ್ತು ದಾಳದಲ್ಲಿ ಮೂರು ಬಿದ್ದಿರಲಿಲ್ಲ. ಹದಿನೇಳು ಬಿದ್ದಿತ್ತು. ನಾನು ಸುಳ್ಳು ಹೇಳ್ದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಕುಡುಗೋಲು ಕೈಯಲ್ಲೇ ಇತ್ತು.

"ಹದಿನೇಳು ಅಂದ್ರೆ?"

"ತೂಬು ಎದ್ದಿತ್ತು. ನೀನ್ ಹೇಳ್ದಂಗೇ ಆಗಿತ್ತು. ಎಲ್ರೂ ಉಳಿದಿದ್ರು."

ಅವಳು ಹುಲ್ಲಿನ ಕಂತೆಯ ಮೇಲೆ ಕೂತಳು. "ಅವತ್ತು ಮನೆಗೆ ಬರೋವಾಗ ದಾರೀಲಿ ಗಾಡಿ ನಿಲ್ಸಿ ಅತ್ತಿದ್ದೀನಿ ಕಣೋ," ಎಂದಳು. "ಹುಚ್ಚಿ ಥರ. ಆ ಹನ್ನೊಂದು ಜನ ನನ್ನ ಮಾತು ಕೇಳಿ ಬಂದಿದ್ರಲ್ಲ. ಕೇರಿಯೋರನ್ನ ಗುಡ್ಡಕ್ಕೆ ಹತ್ಸಿದ್ರೆ ಉಳೀತಿದ್ರೇನೋ, ಯಾಕೆ ಹತ್ಸಲಿಲ್ಲ ಅಂತ ಎಷ್ಟು ದಿನ ಯೋಚ್ನೆ ಮಾಡ್ದೆ."

"ಅದೂ ನಾನೇ ಬೇಡ ಅಂದಿದ್ದು."

"ಹ್ಞೂಂ. ನೀನೇ."

ಸಂಘದ ವಿಷಯ ಭಾವ ಹೇಳಿದರು, ನನ್ನಿಂದಲೇ ಎಲ್ಲ ಹಾಳಾಯಿತು ಎಂದೆ. ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕೋಪ ಹೆಚ್ಚಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಎಲ್ಲಾ ನಿನ್ನಿಂದ್ಲೇ ಅನ್ಕೋಬೇಡ. ನಂಗೆ ಮೊದ್ಲಿಂದ್ಲೂ ಭಯ ಇತ್ತು. ಆ ಭಯಕ್ಕೆ ಒಂದು ಸಾಕ್ಷಿ ಬೇಕಿತ್ತು. ಅದನ್ನ ನೀನ್ ಕೊಟ್ಟೆ." ಎದ್ದು ಸೀರೆಗೆ ಅಂಟಿದ್ದ ಹುಲ್ಲು ಕೊಡವಿಕೊಂಡಳು. "ಹಾಲು ಕರೀಬೇಕು. ನೀನ್ ಹೊರಡು." ಕಾಫಿಯ ಮಾತು ಮತ್ತೆ ಎತ್ತಲಿಲ್ಲ. ಅವಳ ಮನೆಯಿಂದ ಕಾಫಿ ಕುಡಿಯದೆ ಬಂದದ್ದು ನನಗೆ ಅದೇ ಮೊದಲು.

ಐದು ತಿಂಗಳು ಅವಳು ಫೋನ್ ಮಾಡಲಿಲ್ಲ. ದೊಡ್ಡಪ್ಪನ ತಿಥಿಯಲ್ಲಿ ಸಿಕ್ಕಾಗ ಎಲೆಗೆ ಪಾಯಸ ಬಡಿಸಿ ಮುಂದೆ ಹೋದಳು. ಆಮೇಲೆ ಒಂದು ದಿನ ಫೋನ್ ಬಂತು. ಭಾನುವಾರ ನಿನ್ನ ಗೆಳೆಯರು ಬರ್ತಾರಾ ಎಂದು ಕೇಳಿದಳು. ಕರೆಸುತ್ತೇನೆ ಎಂದೆ. "ನಾನ್ ಕಥೆ ನಡೆಸ್ತೀನಿ, ನೀನ್ ಆಡು," ಎಂದಳು. ಬೇಕಾದರೆ ನೀರುಗಂಟಿಯ ಕಥೆಯನ್ನೇ ಹದಿನೇಳರಿಂದ ಮುಂದುವರಿಸೋಣ ಎಂದು ನಾನು ಹೇಳಿದ್ದಕ್ಕೆ, "ಸತ್ತೋಳು ಸತ್ಲು, ಬಿಡು," ಎಂದಳು.

ಅವಳು ರಟ್ಟಿನ ಮರೆ ಇಟ್ಟುಕೊಳ್ಳಲಿಲ್ಲ. ದಾಳವನ್ನು ಅಡಿಗೆಮನೆಯ ಸ್ಟೀಲ್ ತಟ್ಟೆಯಲ್ಲಿ ನಮ್ಮ ಕೈಯಲ್ಲೇ ಎಸೆಸಿದಳು. ನಾವು ಮೂವರೂ ಒಂದನೇ ಲೆವೆಲ್ಲು. ಇಲಿ ಹೊಡೆಯುವ ಕೆಲಸ ಕೊಡಲಿಲ್ಲ. ಬರುವ ಹುಣ್ಣಿಮೆಯೊಳಗೆ ಒಂದು ಇಡೀ ಊರನ್ನು, ದನಕರು, ಬಾಣಂತಿಯರು, ನಡೆಯಲಾಗದ ಮುದುಕರ ಸಮೇತ, ಶತ್ರು ಸೈನ್ಯದ ಕಣ್ಣಿಗೆ ಬೀಳದೆ ಕಣಿವೆ ದಾಟಿಸಬೇಕು ಎಂದಳು. ನಾವು ಮೂವರು ಬಿಟ್ಟರೆ ಇನ್ಯಾರೂ ಇಲ್ಲ. ಗೆಳೆಯ ಮಧ್ಯಾಹ್ನದ ಊಟ ಮರೆತ. ಯಾರು ಯಾರ ಗಾಡಿ ಹತ್ತಬೇಕು ಎಂಬುದಕ್ಕೇ ನಾವು ಒಂದು ಗಂಟೆ ಜಗಳವಾಡಿದೆವು. ಅಷ್ಟು ಜನರನ್ನು ಅವಳು ಒಬ್ಬಳೇ ತಲೆಯಲ್ಲಿಟ್ಟುಕೊಂಡು, ಯಾರನ್ನೂ ಮರೆಯದೆ ನಡೆಸುತ್ತಿದ್ದಳು. ಸಂಘದಲ್ಲಿ ಇವಳು ಕೂತಿದ್ದರೆ ಹೇಗಿರುತ್ತಿತ್ತು ಎಂಬುದು ಅಂದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅವಳು ಎಷ್ಟು ಚೆನ್ನಾಗಿ ಆಡಿಸಿದಳೋ ನನಗೆ ತಲೆ ಎತ್ತುವುದು ಅಷ್ಟೇ ಕಷ್ಟವಾಯಿತು.

ಈಗಲೂ ತಿಂಗಳಿಗೆ ಎರಡು ಭಾನುವಾರ ಆಡುತ್ತೇವೆ. ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ, ಬೈಯುತ್ತಾಳೆ, ಅವರೆಕಾಯಿ ತರುತ್ತಾಳೆ. ಕ್ಷಮಿಸಿದ್ದೀಯಾ ಎಂದು ಕೇಳಿಲ್ಲ. ಕೇಳಿದರೆ ಹ್ಞೂಂ ಎನ್ನಲೇಬೇಕಾದ ಇಕ್ಕಟ್ಟಿಗೆ ಅವಳನ್ನು ಸಿಕ್ಕಿಸಿದಂತೆ ಆಗುತ್ತದೆ. ಹೋದ ವಾರ ಭಾವ ಸಿಕ್ಕಿದ್ದರು. ಅಕ್ಕ ಈಗ ಹಾಲಿನ ಸಂಘದ ಮೀಟಿಂಗ್ ಒಂದನ್ನೂ ತಪ್ಪಿಸುವುದಿಲ್ಲವಂತೆ.

"ಎದ್ದು ಮಾತಾಡ್ತಾಳಾ ಭಾವ?"

"ಇನ್ನೂ ಇಲ್ಲ. ಹಿಂದ್ಗಡೆ ಕೂತ್ಕೊಂಡು ಏನೇನೋ ಬರ್ಕೋತಾಳೆ," ಎಂದು ಟೆಂಪೋ ಹತ್ತಿದರು.