ತುಕಾರಾಮನ ಕಿವಿ

ರಾಯಬಾಗದ ಮೆಕ್ಯಾನಿಕ್ ತುಕಾರಾಮನ ಹೆಸರನ್ನು ಶೇವಂತಾ ಮೊದಲು ಕೇಳಿದ್ದು, ಅವಳ ಹಾಲಿನ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಟಕಟಕ ಎನ್ನತೊಡಗಿದಾಗ. ಎಂಜಿನ್ ಬಿಸಿಯಾದರೆ ಸದ್ದು ಅಡಗುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳು ಏನೂ ಇಲ್ಲವೆಂದು ಕಳಿಸಿದ ಮೇಲೆ ಅವನ ಗ್ಯಾರೇಜಿಗೆ ಗಾಡಿ ತಂದಳು.

"ಬಿಸಿ ಎಂಜಿನ್ ಸುಳ್ಳ ಹೇಳತೈತ್ರಿ ಅಕ್ಕಾರ. ರಾತ್ರಿ ಗಾಡಿ ಇಲ್ಲೇ ಬಿಡ್ರಿ," ಎಂದ ತುಕಾರಾಮ.

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಕಿವಿಗೊಟ್ಟು ಕೇಳಿ, ಬಿಚ್ಚಿದ. ವಾಲ್ವ್ ಎತ್ತುವ ಟ್ಯಾಪಿಟ್‌ಗಳು ಆಗಷ್ಟೇ ಸವೆಯತೊಡಗಿದ್ದವು. ಅವನ್ನು ಬದಲಿಸಿ, ಹೊಸ ಆಯಿಲ್ ಹಾಕಿಕೊಟ್ಟ. ಇನ್ನಷ್ಟು ದಿನ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಅದೇ ಸದ್ದು ಮತ್ತೆ ಬಂತು. ತುಕಾರಾಮ ಬಾನೆಟ್ ಎತ್ತಿ ಬಹಳ ಹೊತ್ತು ಬಗ್ಗಿ ನಿಂತ.

"ಏನೂ ಇಲ್ರಿ, ಬೆಣ್ಣಿ ಹಂಗ ಓಡಾಕತ್ತೈತಿ."

ಟಕಟಕ ಸದ್ದು ಪಕ್ಕದಲ್ಲಿದ್ದ ಶೇವಂತಾಳಿಗೇ ಚೆನ್ನಾಗಿ ಕೇಳುತ್ತಿತ್ತು.

"ತುಕಾರಾಮಾ, ನಿನಗ ಕೇಳಸವಲ್ದೇನೋ?"

ಅವನು ತಿರುಗಲಿಲ್ಲ. ಅವಳು ಭುಜ ಮುಟ್ಟಿದಾಗ ತಿರುಗಿ, ಅವಳ ಮುಖ ನೋಡಿದೊಡನೆ ಅವನ ಮುಖ ಬಿಳಿಚಿತು. ಕಿವುಡ ಮೆಕ್ಯಾನಿಕ್ಕನ ಹತ್ತಿರ ಯಾರು ಗಾಡಿ ತರುತ್ತಾರೆ?

ಊರಿಗೆ ಗೊತ್ತಾಗಿ, ಮುಂದಿನ ತಿಂಗಳೇ ತುಕಾರಾಮ ಗ್ಯಾರೇಜು ಮುಚ್ಚಿ ಊರು ಬಿಟ್ಟ. ಅವಳನ್ನು ಅವನು ಕೊನೆಯದಾಗಿ ಬೇಡಿಕೊಂಡದ್ದು ಅವಳು ಭುಜ ಮುಟ್ಟಿದ ಆ ದಿನವೇ, ಓಡುತ್ತಿದ್ದ ಎಂಜಿನ್ನಿನ ಎದುರು:

"ಅಕ್ಕಾರ, ಎಲ್ಲಿ ಬಡಿಯಾಕತ್ತೈತಿ, ಬೊಟ್ಟ ಮಾಡಿ ತೋರಸ್ರಿ. ರಿಪೇರಿ ನಾನs ಮಾಡ್ತೀನಿ."